ಹಿತ್ತಲ ನೀರು ಬಿಡಬಾರದು

2023ರ ಏಪ್ರಿಲ್. ಸರ್ಕಾರಿ ಇಲಾಖೆಯೊಂದರ ಗುಣನಿಯಂತ್ರಣ ಉಪವಿಭಾಗದಲ್ಲಿ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಆಗಿದ್ದ ನಾನು ನಿವೃತ್ತಳಾಗಿ ಆಗ ನಾಲ್ಕು ವರ್ಷ. ವಿಜಯಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡು ಮನೆ ಕೊಳ್ಳುವವರಿಗೆ, ಮಾರುವವರಿಗೆ ಕಟ್ಟಡ ಪರೀಕ್ಷೆ ಮಾಡಿ ವರದಿ ಕೊಡುತ್ತಿದ್ದೆ. ಗುಣನಿಯಂತ್ರಣ ಎಂದರೆ ಮತ್ತೊಬ್ಬರು ಕಟ್ಟಿದ್ದನ್ನು ನಂಬದೇ ಇರುವ ಕೆಲಸ. ಮೂವತ್ತೊಂದು ವರ್ಷ ಅದೇ ಮಾಡಿದ್ದರಿಂದ ಅನುಮಾನ ನನಗೆ ಮೈಗೆ ಹತ್ತಿಬಿಟ್ಟಿತ್ತು. ಸಿಮೆಂಟಿನ ಚೀಲ ಕಂಡರೆ ತಾರೀಖು ಓದುತ್ತೇನೆ, ಹೊಸ ಸುಣ್ಣ ಕಂಡರೆ ಅದರ ಹಿಂದೆ ಏನಿದೆ ಎಂದು ಯೋಚಿಸುತ್ತೇನೆ. "ನೀ ಕಾಯಿಪಲ್ಲೆದವನ ಕಡೆನೂ ಟೆಸ್ಟ್ ರಿಪೋರ್ಟ್ ಕೇಳತಿ" ಎಂದು ನಮ್ಮ ಯಜಮಾನರು ಕಾಡುತ್ತಿದ್ದರು. ಕೇಳಿದರೆ ತಪ್ಪೇನು ಎಂದು ನನಗೆ ಈಗಲೂ ಅನಿಸುತ್ತದೆ.

ಆ ತಿಂಗಳ ಎರಡನೇ ವಾರ ಪರಿಚಯದ ವಕೀಲರೊಬ್ಬರು ಫೋನ್ ಮಾಡಿದರು. ಇಬ್ರಾಹಿಂಪುರದಲ್ಲಿ ರೈಲು ಹಳಿಯಿಂದ ಒಂದೂವರೆ ಫರ್ಲಾಂಗ್ ದೂರದಲ್ಲಿ ಒಂದು ಮನೆ. ಮಾರಿದವರು ಗುರುಪಾದಪ್ಪ ಮಾಸ್ತರರು. ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಮನೆ ಮಾರಿ ತಮ್ಮ ಊರು ಘೋಣಸಗಿಗೆ ಹೋಗಿ ಅಣ್ಣನ ಮಗನ ಜತೆ ಒಣದ್ರಾಕ್ಷಿ ಶೆಡ್ ಹಾಕಿದ್ದರು. ಕೊಂಡವರು ದಾವಲಸಾಬರು. ಬಬಲೇಶ್ವರದಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟುಕೊಂಡವರು. ಹಿಂದಿನ ಅಕ್ಟೋಬರ್‌ನಲ್ಲಿ ಮನೆ ನೋಡಿ, ನವೆಂಬರ್‌ನಲ್ಲಿ ನೋಂದಣಿ ಮಾಡಿಸಿ, ಡಿಸೆಂಬರ್‌ನಲ್ಲಿ ಸಂಸಾರ ತಂದಿದ್ದರು. ಏಪ್ರಿಲ್ ಮೊದಲ ವಾರ ಹಿಂದಿನ ಕೋಣೆಯ ಗೋಡೆ ಸೀಳಿತು. ದೋಷ ಮುಚ್ಚಿಟ್ಟು ಮಾರಿದ್ದಾರೆ, ವ್ಯವಹಾರ ರದ್ದು ಮಾಡಿ ಎಂದು ದಾವಲಸಾಬರ ನೋಟಿಸು ಹೋಯಿತು. ಮಾರುವಾಗ ಮನೆ ಗಟ್ಟಿಯಿತ್ತು ಎಂದು ಮಾಸ್ತರರ ಉತ್ತರ ಬಂತು. ಕೋರ್ಟಿಗೆ ಹೋಗುವ ಮೊದಲು ಎರಡೂ ಕಡೆಯವರು ಒಪ್ಪುವ ಒಬ್ಬ ಎಂಜಿನಿಯರ್ ನೋಡಲಿ ಎಂದು ವಕೀಲರು ಇಬ್ಬರನ್ನೂ ಒಪ್ಪಿಸಿದ್ದರು.

ಇಲ್ಲಿ ಕಾನೂನಿನ ಮಾತು ಸ್ವಲ್ಪ ಹೇಳಬೇಕು. ಮನೆ ಕೊಂಡ ಮೇಲೆ ನಲ್ಲಿ ತೊಟ್ಟಿಕ್ಕಿತು, ಚಿಲಕ ಸಡಿಲಾಯಿತು ಎಂದು ಮಾರಿದವರ ಕೊರಳಪಟ್ಟಿ ಹಿಡಿಯಲು ಬರುವುದಿಲ್ಲ. ಕಣ್ಣಿಗೆ ಕಾಣುವುದನ್ನು ನೋಡಿಕೊಂಡು ಕೊಳ್ಳುವುದು ಕೊಳ್ಳುವವನ ಜವಾಬ್ದಾರಿ. ಆದರೆ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನಲ್ಲಿ ಒಂದು ಮಾತಿದೆ. ಮಾರುವವನಿಗೆ ಗೊತ್ತಿರುವ, ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ಮಹತ್ವದ ದೋಷವಿದ್ದರೆ ಮಾರುವವನು ಬಾಯಿಬಿಟ್ಟು ಹೇಳಲೇಬೇಕು. ಹಾಗಾಗಿ ಇಂಥ ವ್ಯಾಜ್ಯಗಳಲ್ಲಿ ಪ್ರಶ್ನೆ ಎರಡೇ. ದೋಷ ಸಣ್ಣದೋ ದೊಡ್ಡದೋ? ಮಾರಿದವನಿಗೆ ಗೊತ್ತಿತ್ತೋ ಇಲ್ಲವೋ? ಮೊದಲನೆಯದಕ್ಕೆ ನನ್ನ ಹತ್ತಿರ ಅಳತೆಪಟ್ಟಿ ಇದೆ. ಎರಡನೆಯದಕ್ಕೆ ಯಾವ ಉಪಕರಣವೂ ಇಲ್ಲ, ಅನುಮಾನವೊಂದೇ.

ಏಪ್ರಿಲ್ ಹದಿನಾರು, ಭಾನುವಾರ, ಬೆಳಿಗ್ಗೆ ಎಂಟಕ್ಕೆ ಹೋದೆ. ದಾವಲಸಾಬರು ಬಾಗಿಲಲ್ಲೇ ಕಾಯುತ್ತಿದ್ದರು. ಸಣ್ಣ ಆಳು, ಮಾತು ಮಾತ್ರ ಖಡಕ್.

"ಗ್ವಾಡಿ ಬಾಯಿ ಬಿಟ್ಟೈತ್ರಿ ಬಾಯಾರ. ಮನಿ ಮಾರಿದ ಮಾಸ್ತರ ಮಾತ್ರ ಬಾಯಿ ಬಿಡವಲ್ರು."

ಅವರ ಹೆಂಡತಿ ಜೈತುನಬಿ ನನ್ನನ್ನು ನೇರ ಹಿಂದಿನ ಕೋಣೆಗೆ ಕರೆದೊಯ್ದರು. ಕೋಣೆಯಲ್ಲಿ ಹೊಸ ಮಂಚ, ಅದರ ಪಕ್ಕ ಇನ್ನೂ ಪ್ಲಾಸ್ಟಿಕ್ ಬಿಚ್ಚದ ತೊಟ್ಟಿಲು. ಮಂಚವನ್ನು ಗೋಡೆಯಿಂದ ದೂರ ಎಳೆದು ಕೋಣೆಯ ನಟ್ಟನಡುವೆ ನಿಲ್ಲಿಸಿದ್ದರು. ಮಗಳು ರೇಷ್ಮಾಳನ್ನು ನಿಡೋಣಿಗೆ ಮದುವೆ ಮಾಡಿ ಕೊಟ್ಟಿದ್ದರು. ಅವಳಿಗೆ ಆಗ ಏಳನೇ ತಿಂಗಳು, ಜೂನ್ ಕೊನೆಗೆ ಹೆರಿಗೆ.

"ಚೊಚ್ಚಲ ಬಸರಿ ಅದಾಳ್ರಿ. ಬೀಗರು ಬಂದು ಸೀಳು ನೋಡಿ ಹೋಗ್ಯಾರ. ಇಂಥಾ ಮನಿಗೆ ಸೊಸಿನ್ನ ಕಳಸಾಂಗಿಲ್ಲ ಅಂತಾರ. ಎಂಜಿನೀರು ಬರದು ಸಹಿ ಮಾಡಿ ಕೊಟ್ರ ಅಷ್ಟ ಕಳಸತಾರಂತ. ತಾಯಿ ಇದ್ದೂ ಮಗಳು ಅತ್ತಿ ಮನ್ಯಾಗ ಹಡೀಬೇಕೇನ್ರಿ?"

ಇದು ವಕೀಲರು ನನಗೆ ಹೇಳದೇ ಬಿಟ್ಟ ಸಂಗತಿ. ಮನೆ ಯಾರ ಪಾಲಿಗೆ ಎಂದು ಹೇಳುವುದು ಬೇರೆ, ಈ ಗೋಡೆಯ ಕೆಳಗೆ ಬಾಣಂತಿ ಮಲಗಬಹುದು ಎಂದು ಸಹಿ ಹಾಕುವುದು ಬೇರೆ.

ದಾವಲಸಾಬರ ನೋಟಿಸಿನಲ್ಲಿ ಹನ್ನೊಂದು ದೂರುಗಳಿದ್ದವು. ನಲ್ಲಿಯ ವಾಷರ್, ಬಚ್ಚಲ ಮನೆಯ ಒಡೆದ ಟೈಲ್ಸ್, ಕೆಲಸ ಮಾಡದ ಎರಡು ಸ್ವಿಚ್ಚು ಹೀಗೆ. ಒಂದೊಂದಾಗಿ ಹೊಡೆದು ಹಾಕುತ್ತ ಬಂದೆ. ಹತ್ತು ಹೋದವು, ಸೀಳೊಂದು ಉಳಿಯಿತು. ಕಿಟಕಿಯ ಮೇಲಿನ ಮೂಲೆಯಿಂದ ಚಾವಣಿಯ ಕಡೆಗೆ ಓರೆಯಾಗಿ ಹೋಗಿತ್ತು. ಕೆಳಗೆ ಒಂದೂವರೆ ಮಿಲಿಮೀಟರ್, ಮೇಲೆ ಐದು. ಕೆಳಗಿಂತ ಮೇಲೆ ಅಗಲವಾದ ಓರೆ ಸೀಳು ಎಂದರೆ ಗೋಡೆಯ ಆ ಮೂಲೆ ಕೆಳಗೆ ಕುಸಿಯುತ್ತಿದೆ ಎಂದು ಅರ್ಥ. ಪ್ಲಾಸ್ಟರಿನ ಕೂದಲೆಳೆಯ ಬಿರುಕಿನ ಹಾಗೆ ಇದನ್ನು ತಳ್ಳಿಹಾಕಲು ಬರುವುದಿಲ್ಲ.

ಅಷ್ಟರಲ್ಲಿ ಮಾಸ್ತರರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ದಾವಲಸಾಬರು ಅವರ ಕಡೆ ನೋಡಲೂ ಇಲ್ಲ. ಜೈತುನಬಿ ಮಾತ್ರ ಕುರ್ಚಿ ಸರಿಸಿ ಕೊಟ್ಟರು.

ಮಾಸ್ತರರು ಗೋಡೆಯನ್ನು ದೂರದಿಂದಲೇ ನೋಡಿ ಹೇಳಿದರು, "ಹನ್ನೆರಡು ವರ್ಷ ಆತ್ರಿ ಬಾಯಾರ, ಆ ಗ್ವಾಡಿ ಕೂದಲಷ್ಟೂ ಬಾಯಿ ಬಿಟ್ಟಿಲ್ಲ. ಈಗ ಗಾಡಿ ಹೆಚ್ಚಾಗ್ಯಾವು. ರೈಲಿನ ಧಡಕಿಗೆ ಆಗಿರಬೇಕು."

ರೈಲಿನ ಅದುರುವಿಕೆಯಿಂದ ಬರುವ ಬಿರುಕು ಮನೆತುಂಬ ಸಣ್ಣಸಣ್ಣದಾಗಿ ಹರಡಿರುತ್ತದೆ, ಒಂದೇ ಮೂಲೆಯನ್ನು ಆರಿಸಿಕೊಂಡು ಕೂರುವುದಿಲ್ಲ. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಸಣ್ಣ ಚಾಕು ತೆಗೆದು ಸೀಳಿನ ಒಳಗೆ ಕೆರೆದೆ. ಹೊಸ ಸೀಳಾದರೆ ಒಳಗೆ ಸ್ವಚ್ಛ ಇಟ್ಟಿಗೆಯ ಪುಡಿ ಬರಬೇಕು. ಬಂದದ್ದು ಹಳೆಯ ಪುಟ್ಟಿ, ಅದರ ಮೇಲೆ ತಿಳಿ ಹಸಿರು ಬಣ್ಣ. ಈಗಿನ ಗೋಡೆಯ ಬಣ್ಣ ಕೆನೆ. ಅಂದರೆ ಈ ಗೋಡೆ ಹಿಂದೊಮ್ಮೆ ಇದೇ ಜಾಗದಲ್ಲಿ ಸೀಳಿದೆ, ಯಾರೋ ತುಂಬಿಸಿ ಮೇಲೆ ಬಣ್ಣ ಬಳಿದಿದ್ದಾರೆ. ಚಾಕುವಿನ ತುದಿಯನ್ನು ಮಾಸ್ತರರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

ಕಾಗದಪತ್ರ ತರಿಸಿ ನೋಡಿದೆ. ಕಟ್ಟಡ ಪರವಾನಗಿಯ ಪ್ರಕಾರ ಮನೆಗೆ ಹದಿನಾಲ್ಕು ವರ್ಷ. ಹನ್ನೆರಡು ವರ್ಷ ಗೋಡೆ ಬಾಯಿ ಬಿಟ್ಟಿಲ್ಲ ಎಂದರೆ ಉಳಿದ ಎರಡು ವರ್ಷ ಎಲ್ಲಿ ಹೋದವು? ಕನ್ನಡ ಮಾಸ್ತರರು ಅಂಕಿ ಸುಮ್ಮನೆ ಹೇಳುವುದಿಲ್ಲ. ಇವರು ಸುಳ್ಳು ಹೇಳುವ ಪೈಕಿ ಅಲ್ಲ, ಸತ್ಯವನ್ನು ಅಳೆದು ಕತ್ತರಿಸಿ ಕೊಡುವ ಪೈಕಿ ಎಂದು ಅಂದುಕೊಂಡೆ. ಅಂಥವರ ಬಗ್ಗೆ ನನಗೆ ಇನ್ನೂ ಹೆಚ್ಚು ಅನುಮಾನ.

ಹಾಗೆಂದು ಕೊಂಡವರನ್ನು ಪೂರ್ತಿ ನಂಬಿದೆನೆಂದಲ್ಲ. ಎಷ್ಟೋ ಜನ ತಾವೇ ಗೋಡೆ ಕೆಡಿಸಿ ಮಾರಿದವರ ತಲೆಗೆ ಕಟ್ಟುತ್ತಾರೆ. "ನಾವು ಬಂದಮ್ಯಾಲೆ ಮನಿಗೆ ಒಂದು ಮೊಳಿ ಸೈತ ಬಡದಿಲ್ರಿ" ಎಂದು ದಾವಲಸಾಬರು ಆಣೆ ಮಾಡಿದ್ದರು. ಹಿತ್ತಲ ಬಾಗಿಲು ತೆಗೆದು ಹೊರಗೆ ಕಾಲಿಟ್ಟರೆ ಗೋಡೆಗೆ ಹೊಂದಿಕೊಂಡೇ ಹೊಸ ಪೇವರ್ ಹಾಸು, ಹೊಳೆಯುವ ಕೆಂಪು ಬೂದು ಕಲ್ಲುಗಳು.

"ಇದು ಯಾವಾಗಿಂದು?"

"ಜನವರಿದು ರೀ. ಇದು ಹಿತ್ತಲಾ, ಮನಿ ಅಲ್ಲಲ್ರಿ?"

ಮೊದಲು ಅಲ್ಲಿ ಬಾಳೆ, ಕರಿಬೇವು, ದಾಸವಾಳ ಇದ್ದವಂತೆ. ಬಚ್ಚಲ ನೀರು ಒಂದು ಸಣ್ಣ ಕಾಲುವೆಯಲ್ಲಿ ಹರಿದು ಅವುಗಳ ಬುಡಕ್ಕೆ ಹೋಗುತ್ತಿತ್ತು. ಇವರು ಬಂದ ಮೇಲೆ ಗಿಡ ಕಡಿಸಿ, ಬಚ್ಚಲ ನೀರನ್ನು ಪೈಪಿನಲ್ಲಿ ಬೀದಿಯ ಚರಂಡಿಗೆ ಜೋಡಿಸಿ, ಮೇಲೆ ಪೇವರ್ ಹಾಕಿಸಿದ್ದರು. ಮೊಳೆ ಬಡಿದಿಲ್ಲ ಎಂಬುದು ನಿಜ. ಆದರೆ ಹಿತ್ತಲನ್ನೇ ಬದಲಾಯಿಸಿದ್ದರು. ಸೀಳು ಬಂದದ್ದು ಆ ಹಿತ್ತಲಿನ ಗೋಡೆಗೇ. ನಾನು ಸ್ವಲ್ಪ ಜೋರಾಗಿಯೇ ಕೇಳಿದೆ, "ಇದನ್ನ ಮೊದಲ ಯಾಕ ಹೇಳಲಿಲ್ಲ?"

ದಾವಲಸಾಬರು ತಲೆ ಕೆರೆದುಕೊಂಡರು. ಉತ್ತರ ಕೊಟ್ಟದ್ದು ಜೈತುನಬಿ. ಒಳಗೆ ಹೋಗಿ ಮೀಟರ್ ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿದ್ದ ಒಂದು ಹಾಳೆಯನ್ನು ಕಿತ್ತು ತಂದರು.

"ಅವ್ರ ಬರದಿಟ್ಟು ಹೋಗ್ಯಾರ್ರಿ. ಅವ್ರ ಮಾತು ಕೇಳೇ ಮಾಡೇವಿ. ನೋಡ್ರಿ."

ಗೆರೆ ಎಳೆದ ಹಾಳೆ, ಮುತ್ತು ಪೋಣಿಸಿದಂಥ ಅಕ್ಷರ. ತಲೆಬರಹ "ಹೊಸ ಮನೆಯವರಿಗೆ ಸೂಚನೆಗಳು". ಕೆಳಗೆ ನಾಲ್ಕು ಸಾಲು:

೧. ಬೋರಿನ ಮೋಟಾರನ್ನು ಅರ್ಧ ತಾಸಿಗಿಂತ ಹೆಚ್ಚು ನಡೆಸಬಾರದು.
೨. ಒದ್ದೆ ಕೈಯಿಂದ ಮೀಟರ್ ಪೆಟ್ಟಿಗೆ ಮುಟ್ಟಬಾರದು.
೩. ಮಾಳಿಗೆಯ ಮೇಲೆ ಕಸ ಕೂಡಗೊಡಬಾರದು.
೪. ಬೇಸಿಗೆಯಲ್ಲಿ ಹಿತ್ತಲ ನೀರು ಬಿಡಬಾರದು.

"ನೀರು ಬಿಡಬಾರದು ಅಂತ ತಮ್ಮ ಕೈಯಾರೆ ಬರದಾರ" ಎಂದರು ದಾವಲಸಾಬರು. "ಅಂದ್ರ ಅಲ್ಲಿ ನೀರು ಹೋದ್ರ ಬುನಾದಿ ಕೆಡತೈತಿ ಅಂತ ಅವ್ರಿಗೆ ಮೊದಲ ಗೊತ್ತಿತ್ತು. ಅದಕ್ಕ ನೀರು ಬಂದ್ ಮಾಡಿ ಕಲ್ಲು ಹಾಕಿಸಿದ್ವಿ. ಆದ್ರೂ ಒಡೀತು. ಇನ್ನೇನು ಸಾಕ್ಷಿ ಬೇಕ್ರಿ?"

ಮಾಸ್ತರರು ಹಾಳೆಯನ್ನು ನೋಡಿ ಏನೋ ಹೇಳಲು ಬಾಯಿ ತೆರೆದರು. ನಂತರ ನನ್ನ ಕಡೆ ನೋಡಿ, ಯಾವುದೋ ಲೆಕ್ಕ ಹಾಕಿದವರಂತೆ ಸುಮ್ಮನಾದರು. ದ್ರಾಕ್ಷಿ ಶೆಡ್ಡಿಗೆ ಆಳು ಬರುವ ಹೊತ್ತಾಯಿತು ಎಂದು ಎದ್ದು ಹೋದರು. ಅದು ತಪ್ಪಿಸಿಕೊಳ್ಳುವ ನಡಿಗೆ ಎಂದೇ ನನಗೆ ಕಂಡಿತು. ಹಳೇ ಪುಟ್ಟಿ, ಕಾಣೆಯಾದ ಎರಡು ವರ್ಷ, ಈಗ ಸ್ವಂತ ಅಕ್ಷರ. ವರದಿಯ ಅರ್ಧ ಭಾಗ ನನ್ನ ತಲೆಯಲ್ಲಿ ಆಗಲೇ ಸಿದ್ಧವಾಗಿತ್ತು.

ಆದರೂ ಅಗೆದು ನೋಡದೆ ಬರೆಯುವುದು ನನ್ನ ಪದ್ಧತಿ ಅಲ್ಲ. ಮರುದಿನ ಇಬ್ಬರು ಆಳುಗಳನ್ನು ಕರೆತಂದು ಗೋಡೆಯ ಪಕ್ಕ ಎರಡು ಸಾಲು ಪೇವರ್ ಎತ್ತಿಸಿ ಟ್ರಯಲ್ ಪಿಟ್ ಹೊಡೆಸಿದೆ. ಬುನಾದಿಯ ಪಕ್ಕ ಸಣ್ಣ ಗುಂಡಿ ತೆಗೆದು ಮಣ್ಣು ನೋಡುವುದಕ್ಕೆ ಹಾಗೆನ್ನುತ್ತೇವೆ. ಪೈಪು ಎಲ್ಲೋ ಒಡೆದು ನೀರು ಸೋರುತ್ತಿರಬೇಕು, ಮಣ್ಣು ಕೆಸರಾಗಿರಬೇಕು ಎಂದು ನಾನು ಎಣಿಸಿದ್ದೆ. ಸಿಕ್ಕಿದ್ದು ಕಪ್ಪು ಎರೆಮಣ್ಣು, ಅದೂ ಒಣಗಿ ಹೆಂಟೆಗಟ್ಟಿದ್ದು. ಹೆಂಟೆಗಳ ನಡುವೆ ಕೈ ಹೋಗುವಷ್ಟು ಬಿರುಕು. ಸಲಾಕೆ ಇಳಿಬಿಟ್ಟರೆ ಎರಡೂವರೆ ಅಡಿ ಸರಾಗವಾಗಿ ಹೋಯಿತು. ಹನಿ ತೇವ ಇರಲಿಲ್ಲ. ಬುನಾದಿ ಮೂರು ಅಡಿಗೇ ನಿಂತಿತ್ತು. ಕೆಳಗೆ ಗರಸಿನ ಗಟ್ಟಿ ನೆಲ ಸಿಗುವವರೆಗೆ ಹೋಗಬೇಕಾದದ್ದು ಎರೆಯಲ್ಲೇ ಕೂತಿತ್ತು.

ಎರೆಮಣ್ಣಿನ ಗುಣ ನಮ್ಮ ಕಡೆಯ ರೈತರಿಗೆ ಎಂಜಿನಿಯರ್‌ಗಳಿಗಿಂತ ಚೆನ್ನಾಗಿ ಗೊತ್ತು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದು ಇದರಿಂದಲೇ. ಅದರ ಮೇಲೆ ಕೂತ ಗೋಡೆಯೂ ಅದರ ಜತೆ ಏರಿಳಿಯುತ್ತದೆ. ಈ ಮನೆಯ ಗೋಡೆ ಕೆಟ್ಟದ್ದು ನೀರಿನಿಂದ ಅಲ್ಲ, ನೀರು ನಿಂತದ್ದರಿಂದ. ಹಾಗಾದರೆ ಮಾಸ್ತರರು ನೀರು ಬಿಡಬಾರದು ಎಂದು ಬರೆದದ್ದೇಕೆ? ಗೋಡೆ ಒಡೆಯಲಿ ಎಂದೇ ಬರೆದರೇ? ಅಷ್ಟು ಕೆಟ್ಟ ಅನುಮಾನ ನನಗೂ ಅತಿ ಎನಿಸಿತು.

ಆವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಯಜಮಾನರು ಬಿಪಿ ಗುಳಿಗೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಗೊಣಗುತ್ತಿದ್ದರು. "ಒಂದು ದಿನಾನೂ ಬಿಡಬಾರದು ಅಂತಾನ ಡಾಕ್ಟರ. ನನ್ನ ಹಣೇಬರಹ."

ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಗುಳಿಗೆ ಬಿಡಬಾರದು ಎಂದರೆ ತಪ್ಪದೇ ತೆಗೆದುಕೊಳ್ಳಬೇಕು ಎಂದರ್ಥ. ನೀರು ಬಿಡಬಾರದು ಎಂದರೂ ಹಾಗೇ ಆಗಬಹುದಲ್ಲ! ತಪ್ಪದೇ ನೀರು ಹಾಯಿಸುತ್ತಿರಬೇಕು, ನಿಲ್ಲಿಸಬಾರದು. ಉಳಿದ ಮೂರು ಸಾಲೂ ಮಾಡಬಾರದ ಕೆಲಸಗಳೇ ಆದ್ದರಿಂದ ನಾಲ್ಕನೆಯದನ್ನೂ ಅದೇ ರಾಗದಲ್ಲಿ ಓದಿದ್ದೆವು. ದಾವಲಸಾಬರೂ ಹಾಗೇ ಓದಿದರು, ಅನುಮಾನದ ಕಣ್ಣಿನ ನಾನೂ ಹಾಗೇ ಓದಿದೆ. ಊಟ ಅರ್ಧಕ್ಕೆ ಬಿಟ್ಟು ಘೋಣಸಗಿಗೆ ಹೋಗುವ ಟಿಕೋಟಾ ದಾರಿ ಹಿಡಿದೆ.

ಘೋಣಸಗಿಯ ಶೆಡ್ಡಿನಲ್ಲಿ ಹಸಿರು ಜಾಳಿಗೆಯ ಅಂತಸ್ತುಗಳ ಮೇಲೆ ದ್ರಾಕ್ಷಿ ಹರವಿತ್ತು. ಮಾಸ್ತರರು ಒಂದು ತುದಿಯಲ್ಲಿ ಸ್ಟೂಲಿನ ಮೇಲೆ ಕೂತು ಕಡ್ಡಿ ಆರಿಸುತ್ತಿದ್ದರು. ನಾನು ಜೈತುನಬಿ ಕೊಟ್ಟಿದ್ದ ಹಾಳೆ ಮುಂದಿಟ್ಟು ನಾಲ್ಕನೇ ಸಾಲಿನ ಅರ್ಥವೇನು ಎಂದು ಕೇಳಿದೆ.

"ನಿಲ್ಲಿಸಬಾರದು ಅಂತ್ರಿ. ಮತ್ತೇನು? 'ಸಾಲಿ ಬಿಡಬಾರದು' ಅಂತ ಮೂವತ್ತು ವರ್ಷ ಹುಡುಗರಿಗೆ ಹೇಳೇನಿ, ಒಬ್ಬರೂ ತಪ್ಪು ತಿಳಕೊಂಡಿಲ್ಲ."

"ಮತ್ತ ನಿನ್ನೆ ಅಲ್ಲೇ ಯಾಕ ಹೇಳಲಿಲ್ಲ?"

ಅವರು ಮತ್ತೆ ಕಡ್ಡಿ ಆರಿಸತೊಡಗಿದರು. ಕಾಣೆಯಾದ ಎರಡು ವರ್ಷದ ಬಗ್ಗೆ ಕೇಳಿದೆ. ಅದಕ್ಕೆ ನಿಧಾನವಾಗಿ ಬಾಯಿಬಿಟ್ಟರು. ಮನೆ ಕಟ್ಟಿದ ಮೊದಲ ಬೇಸಿಗೆಯಲ್ಲೇ ಗೋಡೆ ಸೀಳಿತ್ತು. ಪುಟ್ಟಿ ತುಂಬಿಸಿ ಹಸಿರು ಬಣ್ಣ ಹಚ್ಚಿಸಿದರು. ಎರಡನೇ ಬೇಸಿಗೆಗೆ ಮತ್ತೆ ಸೀಳಿತು. ಆಗ ಗಾರೆ ಕೆಲಸದ ಒಬ್ಬ ಹಳೇ ಗೌಂಡಿ ಬಂದು ನೋಡಿ, ಎರೆಗೆ ನೀರು ತಪ್ಪಿಸಬೇಡ, ಗೋಡೆ ತನ್ನಷ್ಟಕ್ಕೆ ಸುಮ್ಮನಿರುತ್ತದೆ ಎಂದು ಹೇಳಿ ಹೋದನಂತೆ. ಆವತ್ತೇ ಬಚ್ಚಲ ನೀರಿಗೆ ಕಾಲುವೆ ಹೊಡೆದು ಗಿಡ ಹಚ್ಚಿದರು. ಹನ್ನೆರಡು ವರ್ಷ ಗೋಡೆ ಕೂದಲಷ್ಟೂ ಬಾಯಿ ಬಿಡಲಿಲ್ಲ. ಅವರ ಮಾತು ಅಕ್ಷರಶಃ ನಿಜವಾಗಿತ್ತು.

"ಸರಿ ಮಾಸ್ತರ್ರ. ನೀರು ಬಿಡಬಾರದು ಅಂತ ಬರದ್ರಿ. ಯಾಕ ಬಿಡಬಾರದು ಅಂತ ಒಂದು ಸಾಲು ಬರೀಲಿಲ್ಲ ಯಾಕ?"

ಅವರು ಕೈಯಲ್ಲಿದ್ದ ದ್ರಾಕ್ಷಿಯ ಕಡ್ಡಿ ಕಿತ್ತು ಪಕ್ಕಕ್ಕಿಟ್ಟರು. ಆಮೇಲೆ ನನ್ನನ್ನೇ ನೋಡಿ ಕೇಳಿದರು:

"ಬರದಿದ್ರ ನೀವರ ಆ ಮನಿ ತಗೋತಿದ್ರೇನ್ರಿ ಬಾಯಾರ?"

ತೆಗೆದುಕೊಳ್ಳುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಿನ್ನೆ ಸುಮ್ಮನೆ ಎದ್ದು ಹೋದದ್ದರ ಕಾರಣವೂ ಈಗ ತಿಳಿಯಿತು. ಆ ಸಾಲಿಗೆ ಸರಿಯಾದ ಅರ್ಥ ಹೇಳಿದರೆ, ಗೋಡೆಯ ರೋಗ ಗೊತ್ತಿತ್ತು ಎಂದು ಒಪ್ಪಿಕೊಂಡ ಹಾಗೆ. ತಪ್ಪು ಅರ್ಥಕ್ಕೆ ಬಿಟ್ಟರೂ ಗೊತ್ತಿತ್ತು ಎಂದೇ ಆಗುತ್ತದೆ. ಹೇಗೆ ತಿರುಗಿಸಿದರೂ ಅದು ಅವರ ಕೊರಳಿಗೇ. ಮದ್ದು ಬರೆದಿಟ್ಟು ಬೇನೆ ಮುಚ್ಚಿಟ್ಟಿದ್ದರು. ಮನುಷ್ಯ ಕೆಟ್ಟವರಲ್ಲ. ಪೂರ್ತಿ ಕೆಟ್ಟವರಾದರೆ ಆ ನಾಲ್ಕನೇ ಸಾಲನ್ನೂ ಬರೆಯುತ್ತಿರಲಿಲ್ಲ. ಆದರೂ ನನಗೆ ಸಿಟ್ಟು ಬಂತು. ಆ ಮನೆಯ ಮಂಚ ಕೋಣೆಯ ನಡುವೆ ನಿಂತದ್ದು ಅವರು ಬರೆಯದ ಒಂದು ಸಾಲಿನಿಂದ ಎಂದು ಅವರ ಮುಖಕ್ಕೇ ಹೇಳಿದೆ. ತಲೆ ತಗ್ಗಿಸಿ ಕೇಳಿಸಿಕೊಂಡರು.

ವಕೀಲರ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ದೋಷ ಹಳೆಯದು, ಮಾರಿದವರಿಗೆ ಗೊತ್ತಿತ್ತು, ಕೊಂಡವರಿಗೆ ಕಾಣುವಂತಿರಲಿಲ್ಲ. ಆದರೆ ಸರಿಯಾಗಿ ನೋಡಿಕೊಂಡರೆ ಗೋಡೆ ಬೀಳುವ ಪೈಕಿ ಅಲ್ಲ. ದಾವಲಸಾಬರು ಮೊದಲು ಹಾರಾಡಿದರು. ವ್ಯವಹಾರ ರದ್ದಾದರೆ ಜೂನ್ ಒಳಗೆ ಬೇರೆ ಮನೆ ಸಿಗುವುದೇ ಎಂದು ಜೈತುನಬಿ ಕೇಳಿದ ಮೇಲೆ ತಣ್ಣಗಾದರು. ಗೋಡೆಯ ದುರಸ್ತಿ ಮಾಸ್ತರರದು, ಪೇವರ್ ಕಿತ್ತು ಮತ್ತೆ ಗಿಡ ಹಚ್ಚುವುದು ದಾವಲಸಾಬರದು ಎಂದು ಒಪ್ಪಂದವಾಯಿತು. ಆದರೆ ನಿಡೋಣಿಗೆ ಹೋಗಬೇಕಾದ ಕಾಗದಕ್ಕೆ ನಾನು ಸಹಿ ಮಾಡಲಿಲ್ಲ. ನಾಲ್ಕು ವಾರ ಅಳತೆ ನೋಡಿ ಮಾಡುತ್ತೇನೆ ಎಂದೆ. ಸೀಳಿನ ಎರಡೂ ಬದಿಗೆ ಸಣ್ಣ ಸ್ಕ್ರೂ ಕೂರಿಸಿ ಅವುಗಳ ನಡುವಿನ ಅಂತರವನ್ನು ವಾರಕ್ಕೊಮ್ಮೆ ವರ್ನಿಯರ್ ಮಾಪಕದಿಂದ ಅಳೆಯತೊಡಗಿದೆ. ನೀರನ್ನು ಒಮ್ಮೆಲೇ ಸುರಿಯದೆ ದಿನಾ ಸ್ವಲ್ಪ ಸ್ವಲ್ಪ ಬಿಡಲು ಹೇಳಿದ್ದೆ. ಮೊದಲ ವಾರ ಏನೂ ಬದಲಾಗಲಿಲ್ಲ. ಎರಡನೇ ವಾರ ಸೀಳು ಐದರಿಂದ ನಾಲ್ಕೂವರೆಗೆ ಬಂತು, ನಾಲ್ಕನೇ ವಾರಕ್ಕೆ ಮೂರೂವರೆ. ಮೂಲೆ ಮೇಲೇಳುತ್ತಿತ್ತು. ಹಳೇ ಗೌಂಡಿಯ ಮಾತು ಸರಿಯಿತ್ತು. ಉಳಿದ ಬಿರುಕಿಗೆ ಉಕ್ಕಿನ ಜಾಳಿಗೆ ಹೊಲಿದು ಗಾರೆ ತುಂಬಿಸಿದೆವು.

ಮೇ ಇಪ್ಪತ್ತರಂದು ಸಹಿಗೆಂದು ಅದೇ ಮನೆಯಲ್ಲಿ ಎಲ್ಲರೂ ಸೇರಿದೆವು. ಪಡಸಾಲೆಯಲ್ಲಿ ಚಹಾ ಬಂತು. ವರದಿಯನ್ನು ಓದಿ ಹೇಳಿದೆ. ಕೋಣೆ ವಾಸಕ್ಕೆ ಯೋಗ್ಯವಿದೆ, ಭಯವಿಲ್ಲ. ದಾವಲಸಾಬರ ಮುಖ ಮೊದಲ ಸಲ ಸಡಿಲವಾಯಿತು. ಪೆನ್ನಿನ ಟೋಪಿ ತೆಗೆದು ಹಾಳೆಯ ಮೇಲೆ ಕೈ ಇಟ್ಟಿದ್ದೆ. ಆಗ ಬಾಗಿಲಿಗೆ ಒರಗಿ ನಿಂತಿದ್ದ ಜೈತುನಬಿ ನನ್ನ ಕಡೆ ನೋಡದೆ ಮಾಸ್ತರರನ್ನು ಕೇಳಿದರು.

"ಮಾಸ್ತರ್ರ, ಇನ್ನೂ ಏನರ ಹೇಳೂದು ಉಳದೈತೇನ್ರಿ?"

ಮಾಸ್ತರರು ಚಹಾದ ಲೋಟ ಕೆಳಗಿಟ್ಟರು. ಇಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು. ಅವರು ಆ ಕ್ಷಣ ದಾಟಿದರು, ಇನ್ನೊಂದನ್ನೂ ದಾಟಿದರು. ನನ್ನ ಪೆನ್ನು ಹಾಳೆಯಿಂದ ಮೇಲೆದ್ದಿತು.

"ಒಂದೈತಿ ತಂಗಿ" ಎಂದರು. "ಸಣ್ಣದು. ಮಳಿ ಹಿಡೀತಂದ್ರ ಆ ಕೋಣಿ ಬಾಗಲಾ ಬಿಗೀತೈತಿ. ಒಳಗಿಂದ ಹಾಕ್ಕೊಂಡ್ರ ಒಳಗಿನವ್ರಿಗೆ ತಗೀಲಾಕ ಬರಾಂಗಿಲ್ಲ. ನಮ್ಮಾಕಿ ಒಂದ್ಸಲ ಅರ್ಧ ದಿನ ಒಳಗ ಸಿಕ್ಕೊಂಡಿದ್ಲು. ನಾ ಸಾಲಿಗೆ ಹೋಗಿದ್ದೆ."

ನಾನು ಕೋಣೆಗೆ ಹೋಗಿ ಬಾಗಿಲನ್ನು ಎರಡು ಸಲ ಹಾಕಿ ತೆಗೆದೆ. ಸರಾಗವಾಗಿ ಆಡಿತು. ಮೇ ತಿಂಗಳಲ್ಲಿ ಆಡದೇ ಏನು ಮಾಡೀತು? ಮಳೆಗೆ ಎರೆ ಉಬ್ಬಿದಾಗ ಮೂಲೆ ಮೇಲೆದ್ದು ಚೌಕಟ್ಟು ವಾರೆಯಾಗುತ್ತದೆ, ಬಾಗಿಲು ಕಚ್ಚಿಕೊಳ್ಳುತ್ತದೆ. ಬೇಸಿಗೆಯ ಕುಗ್ಗಾಟವನ್ನು ತಿಂಗಳು ಪೂರ್ತಿ ಅಳೆದ ನನಗೆ ಮಳೆಗಾಲದ ಉಬ್ಬು ಹೊಳೆದಿರಲಿಲ್ಲ. ಕಾನೂನಿನ ಪ್ರಕಾರ ಬಿಗಿಯುವ ಬಾಗಿಲು ತೀರ ಸಣ್ಣ ದೋಷ. ದೂರಿನಲ್ಲಿ ಬರೆದಿದ್ದರೆ ನಲ್ಲಿಯ ವಾಷರಿನ ಜತೆಗೆ ನಾನೇ ಹೊಡೆದು ಹಾಕುತ್ತಿದ್ದೆ. ಜೂನ್ ಕೊನೆಯಲ್ಲಿ ಹೆರಿಗೆ, ಜುಲೈ ತುಂಬ ಮಳೆ, ಒಳಗೆ ಹಸಿ ಬಾಣಂತಿ, ಕೈಯಲ್ಲಿ ಕೂಸು.

ಬಾಗಿಲ ಅಂಚನ್ನು ಬಡಿಗರಿಂದ ಹೆರೆಸಿದರೆ ಸಾಕು ಎಂದು ನಾನು ಹೇಳಿದೆ. ಜೈತುನಬಿ ಒಪ್ಪಲಿಲ್ಲ. "ನಿಮ್ಮ ಸಹಿ ನಂಬತೇನ್ರಿ ಬಾಯಾರ, ಬಾಗಲಾ ನಂಬಾಂಗಿಲ್ಲ" ಎಂದು ಅವತ್ತೇ ಬಾಗಿಲನ್ನು ಕೀಲಿನಿಂದ ಕಳಚಿಸಿ ಪಡಸಾಲೆಯ ಗೋಡೆಗೆ ಒರಗಿಸಿದರು. ಹಳೇ ಸೀರೆಯೊಂದನ್ನು ಪರದೆ ಕಟ್ಟಿದರು. ಬಾಗಿಲಿನ ವಿಷಯವನ್ನು ವರದಿಯ ಕೊನೆಯ ಸಾಲಿಗೆ ಸೇರಿಸಿ ಸಹಿ ಮಾಡಿದೆ. ಮರುದಿನ ದಾವಲಸಾಬರು ಅದನ್ನು ಹಿಡಿದುಕೊಂಡು ನಿಡೋಣಿಗೆ ಹೋದರು. ಆ ವಾರವೇ ರೇಷ್ಮಾ ತವರಿಗೆ ಬಂದಳು.

ಜುಲೈ ನಡುವೆ ಮಳೆ ಚೆನ್ನಾಗಿ ಹಿಡಿದಾಗ ಗೋಡೆ ನೋಡುವ ನೆಪದಲ್ಲಿ ಹೋದೆ. ಗೋಡೆ ಗಟ್ಟಿಯಿತ್ತು. ದಾವಲಸಾಬರೂ ನಾನೂ ಒರಗಿಸಿಟ್ಟ ಬಾಗಿಲನ್ನು ಎತ್ತಿ ಚೌಕಟ್ಟಿಗೆ ಹಿಡಿದು ನೋಡಿದೆವು. ಕೂಡಲಿಲ್ಲ. ಮೇಲಿನ ಮೂಲೆಯಲ್ಲಿ ಬೆರಳಗಲ ಹೊರಗೇ ನಿಂತಿತು. ನಾನು ಹೇಳಿದ ಹಾಗೆ ಹೆರೆಸಿದ್ದರೂ ಅದು ಬಿಗಿಯುತ್ತಿತ್ತು. ಪರದೆಯ ಆಚೆ ಇಪ್ಪತ್ತು ದಿನದ ಕೂಸು ಅಳತೊಡಗಿತು. ಜೈತುನಬಿ ಒಲೆಯ ಮುಂದಿನಿಂದ ಎದ್ದು, ನಮ್ಮಿಬ್ಬರ ನಡುವೆ ನುಸುಳಿ, ಸೀರೆ ಸರಿಸಿ ಒಳಗೆ ಹೋದರು.

ದೋಷ ಸಣ್ಣದೋ ದೊಡ್ಡದೋ ಎಂದು ಮಿಲಿಮೀಟರಿನಲ್ಲಿ ಬರೆಯುವುದನ್ನು ನಾನು ಬಿಟ್ಟಿಲ್ಲ. ಆದರೆ ಆ ಕೋಣೆಯಲ್ಲಿ ಯಾರು ಮಲಗುತ್ತಾರೆ ಎಂದು ಈಗ ಮೊದಲು ಕೇಳುತ್ತೇನೆ. ಮಾರುವವರನ್ನು ಎದುರಿಗೆ ಕೂರಿಸಿ ಜೈತುನಬಿಯ ಆ ಪ್ರಶ್ನೆಯನ್ನೂ ಕೇಳುತ್ತೇನೆ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಎದುರಿಗಿದ್ದವರನ್ನು ಅನುಮಾನಿಸಿದೆನೇ ಹೊರತು ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಕೇಳಿ ಸುಮ್ಮನೆ ಕೂರುತ್ತೇನೆ. ಹೆಚ್ಚಿನವರು ತಕ್ಷಣ ಇಲ್ಲ ಎನ್ನುತ್ತಾರೆ. ಅಪರೂಪಕ್ಕೆ ಒಬ್ಬರು ಚಹಾದ ಲೋಟ ಕೆಳಗಿಡುತ್ತಾರೆ.